ಗೋಲ್ಡನ್ ಕಾಮುಯ್ ಡೈಲಾಗ್ ಕಿತ್ತು ಸ್ಟೇಟಸ್‌ಗೆ ಹಾಕೋದು ಸರೀನಾ? ಪರ – ವಿರೋಧ

ಪರ: ಒಳ್ಳೆ ಮಾತು ಎಲ್ಲಿದ್ರೂ ಕೆಲ್ಸ ಮಾಡುತ್ತೆ

ಮೊದಲೇ ಹೇಳ್ಬಿಡ್ತೀನಿ, ಈ ವಿಷ್ಯದಲ್ಲಿ ನಾನು ಮಧ್ಯಸ್ಥಳಲ್ಲ. ಗೋಲ್ಡನ್ ಕಾಮುಯ್ ಅನ್ನೋ ಜಪಾನಿ ಅನಿಮೆ (ಕಾರ್ಟೂನ್ ಸೀರೀಸ್) ನೋಡಿದ್ಮೇಲಿಂದ ನನ್ನ ವಾಟ್ಸಾಪ್ ಸ್ಟೇಟಸ್‌ನಲ್ಲಿ ಅದರದ್ದೇ ಡೈಲಾಗು, ನಮ್ಮ ಚಿಕ್ಕಮ್ಮ ಫೋನ್ ಮಾಡಿ "ಏನೇ ಅದು, ಜಿಂಕೆ, ರಕ್ತ, ಮನೇಲೆಲ್ಲಾ ಹುಷಾರಾಗಿದೀರಾ" ಅಂತ ಕೇಳಿದ್ದೂ ಉಂಟು. ಹಾಕ್ಬೇಡಿ ಅನ್ನೋರ ವಾದ ಏನು ಅಂತ ನಂಗೆ ಚೆನ್ನಾಗ್ ಗೊತ್ತು, ಕಾಂಟೆಕ್ಸ್ಟ್ ಕಾಂಟೆಕ್ಸ್ಟ್ ಅಂತ ಒಂದೇ ಸಮ ಜಪ ಮಾಡ್ತಾರೆ, ಎಲ್ಲಾ ಸೀಸನ್ ನೋಡ್ದೋರಿಗೆ ಮಾತ್ರ ಒಂದು ಸಾಲು ಓದೋ ಯೋಗ್ಯತೆ ಇದೆ ಅನ್ನೋ ಥರ. ಇದು ನಂಗೆ ಒಪ್ಪಿಗೆ ಇಲ್ಲ.

ನೋಡದೇ ಇರೋರಿಗೆ ಚುಟುಕಾಗಿ ಹೇಳ್ತೀನಿ. ಸತೋರು ನೋಡಾ ಅನ್ನೋರು ಬರೆದ ಮಂಗಾ (ಜಪಾನಿ ಕಾಮಿಕ್ಸ್) ಇದು, 2014ರಿಂದ 2022ರ ತನಕ ಬಂತು, 31 ಸಂಪುಟ, ಅನಿಮೆ ಶುರುವಾಗಿದ್ದು 2018ರಲ್ಲಿ. ರಷ್ಯಾ-ಜಪಾನ್ ಯುದ್ಧದಲ್ಲಿ ಸಾಯದೇ ಉಳ್ಕೊಂಡ ಸುಗಿಮೋತೊ ಅನ್ನೋ ಸೈನಿಕ ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದ ಹೊಳೇಲಿ ನಿಂತು ಚಿನ್ನ ಜಾಲಾಡ್ತಿರ್ತಾನೆ, ಸತ್ತ ಗೆಳೆಯನ ಹೆಂಡ್ತಿ ಉಮೆಕೊಗೆ ಕಣ್ಣು ಹೋಗ್ತಾ ಇದೆ, ಚಿಕಿತ್ಸೆಗೆ ದುಡ್ಡು ಬೇಕು. ಆಗ ಅವನ ಕಿವಿಗೆ ಅಲ್ಲಿನ ಮೂಲನಿವಾಸಿಗಳಾದ ಐನು ಜನ ಕೂಡಿಟ್ಟ ಚಿನ್ನದ ಕಥೆ ಬೀಳುತ್ತೆ, ಅದರ ನಕ್ಷೆ ಇರೋದು ಅಬಾಶಿರಿ ಜೈಲಿಂದ ತಪ್ಪಿಸ್ಕೊಂಡ ಕೈದಿಗಳ ಮೈಮೇಲೆ, ಹಚ್ಚೆ ರೂಪದಲ್ಲಿ. ಕರಡಿ ಬಾಯಿಗೆ ಬೀಳೋ ಹೊತ್ತಿಗೆ ಅಶಿರ್ಪಾ ಅನ್ನೋ ಐನು ಹುಡುಗಿ ವಿಷದ ಬಾಣ ಹೊಡೆದು ಅವನನ್ನ ಉಳಿಸ್ತಾಳೆ. ಅಲ್ಲಿಂದ ಇಬ್ರೂ ಜೊತೆಗೆ ಹೊರಡ್ತಾರೆ. ಅವಳು ಕಾಡು ಕಲಿಸ್ತಾಳೆ, ಅಳಿಲು ಹಿಡಿಯೋದು, ಕೊಚ್ಚೋದು, ಜಿಂಕೆ ಮಿದುಳನ್ನ ಹಸಿಯಾಗೇ ತಿನ್ನೋದು, ಅವನು ಮುಖ ಕಿವುಚ್ಕೊಂಡು, ಕಣ್ಣಲ್ಲಿ ಜೀವ ಇಲ್ದೆ ನುಂಗ್ತಾನೆ. ಆಮೇಲೆ ಅವನು ಡಬ್ಬಿಯಿಂದ ಮಿಸೊ (ಸೋಯಾ ಹುದುಗಿಸಿ ಮಾಡೋ ಕಂದು ಪೇಸ್ಟು) ತೆಗೆದ್ರೆ ಇವಳು ಅದನ್ನ ನೋಡಿ ಹೇಲು ಅಂತಾಳೆ, ಮೊದಮೊದಲು ಹಠ ಹಿಡಿದು ಬಾಯಿಗೇ ಇಡಲ್ಲ. ಇಷ್ಟು ನಗಿಸಿ, ಇಷ್ಟು ತಿನ್ನಿಸಿ, ಅದೇ ಉಸಿರಲ್ಲಿ ಎದೆಗೆ ನಾಟೋ ಮಾತು ಹೇಳೋ ಕಥೆ ನಾನಂತೂ ಬೇರೆ ನೋಡಿಲ್ಲ.

ಈಗ ನನ್ನ ದೊಡ್ಡ ಪಾಯಿಂಟ್. ಈ ಕಥೆಗೆ ತಲೆಬರಹದ ಥರ ಒಂದು ಐನು ಮಾತಿದೆ, ಮಂಗಾ ಸಂಪುಟಗಳಲ್ಲೂ ಅಚ್ಚಾಗಿದೆ, ಆಕಾಶದಿಂದ ಕೆಲ್ಸ ಇಲ್ದೆ ಸುಮ್ನೆ ಇಳಿದು ಬಂದಿದ್ದು ಒಂದೂ ಇಲ್ಲ ಅಂತ. ಇದನ್ನ ಲೇಖಕರು ಕೂತ್ಕೊಂಡು ಕಟ್ಟಿದ್ದಲ್ಲ, ಐನು ಜನರಲ್ಲಿ ಮೊದಲಿಂದ ಇದ್ದ ಗಾದೆ. ಅಂದ್ರೆ ಮಾತೇ ಮೊದಲು, ಕಥೆ ಆಮೇಲೆ. ಅದು ಅಜ್ಜಿ ಬಾಯಿಂದ ಮೊಮ್ಮಗಳ ಕಿವಿಗೆ ಬಂತು, ಅಲ್ಲಿಂದ ಯಾರೋ ಬರ್ಕೊಂಡ್ರು, ಅಲ್ಲಿಂದ ಮಂಗಾಗೆ, ಅಲ್ಲಿಂದ ಅನಿಮೆಗೆ, ಅಲ್ಲಿಂದ ಹಾಸನದ ಹುಡುಗಿ ಸ್ಟೇಟಸ್‌ಗೆ. ಇಷ್ಟು ದೂರ ಬಂದಿರೋ ಮಾತಿಗೆ ಕೊನೇ ಸ್ಟಾಪಲ್ಲಿ ಮಾತ್ರ ಟಿಕೆಟ್ ಕೇಳೋದು ಯಾವ ನ್ಯಾಯ ಹೇಳಿ.

ಐನು ಸಾಹಿತ್ಯ ಅಂದ್ರೇನೇ ಬಾಯಲ್ಲಿ ಬೆಳೆದಿದ್ದು, ಅವರದ್ದೇ ಅಂತ ಲಿಪಿ ಇರಲಿಲ್ಲ. ಯುಕರ್ ಅಂತ ಹಾಡುಗಬ್ಬ ಇದೆ, ಒಲೆ ಸುತ್ತ ಕೂತು ಹಾಡ್ತಿದ್ರು. ಚಿರಿ ಯುಕಿಯೆ ಅನ್ನೋ ಹುಡುಗಿ ಕೇಳಿ ಬೆಳೆದಿದ್ದ ಹಾಡುಗಳಲ್ಲಿ 13ನ್ನ ರೋಮನ್ ಅಕ್ಷರದಲ್ಲಿ ಬರೆದಿಟ್ಟು, ಪಕ್ಕದಲ್ಲಿ ಜಪಾನಿ ಅನುವಾದ ಮಾಡಿಟ್ಟು, 1922ರಲ್ಲಿ 19ನೇ ವಯಸ್ಸಿಗೆ ತೀರ್ಕೊಂಡ್ಳು. ಪುಸ್ತಕ ಬಂದಿದ್ದು 1923ರಲ್ಲಿ, ಅವಳು ಅದನ್ನ ಕೈಯಲ್ಲಿ ಹಿಡೀಲೇ ಇಲ್ಲ. ಒಲೆ ಮುಂದೆ ಹಾಡಿದ್ರೆ ಮಾತ್ರ ಅದು ಹಾಡು, ಪುಸ್ತಕದಲ್ಲಿ ಕಾಂಟೆಕ್ಸ್ಟ್ ಇಲ್ಲ ಅಂತ ಅವಳೂ ಅಂದ್ಕೊಂಡಿದ್ರೆ ಇವತ್ತು ಏನು ಉಳೀತಿತ್ತು? ಯುನೆಸ್ಕೊ 2009ರಲ್ಲೇ ಐನು ಭಾಷೆ ಇನ್ನೇನು ಹೋಗೇಬಿಡುತ್ತೆ ಅನ್ನೋ ಪಟ್ಟಿಗೆ ಹಾಕಿದೆ. ಹೋಗ್ತಾ ಇರೋ ಭಾಷೆಯ ಒಂದು ಸಾಲನ್ನ ಯಾರೋ ಎಲ್ಲೋ ಹಂಚ್ಕೊಂಡ್ರೆ ಅದು ಅವಮಾನ ಅಂತೆ.

ನಾವೇನು ಕಡಿಮೆನಾ, ಸರ್ಕಾರಿ ಬಸ್ಸಲ್ಲಿ, ತಾಲ್ಲೂಕು ಆಫೀಸ್ ಗೋಡೇಲಿ ವಚನದ ಸಾಲು ಓದಿ ಬೆಳೆದೋರು. ಕಲ್ಯಾಣದಲ್ಲಿ ಏನಾಯ್ತು, ಅನುಭವ ಮಂಟಪ ಅಂದ್ರೇನು ಅಂತ ಪರೀಕ್ಷೆ ಬರೆದ್ಮೇಲೆ ನಮಗೆ ಆ ಸಾಲು ಕೊಟ್ರಾ? ಇಲ್ಲ. ಮೊದಲು ಸಾಲು ಬಂತು, ಇಷ್ಟ ಆದೋರು ಆಮೇಲೆ ಹುಡುಕ್ಕೊಂಡು ಹೋದ್ರು.

ಜಿಂಕೆ ಸೀನ್ ಬಗ್ಗೆ ಹೇಳ್ಲೇಬೇಕು. ಸುಗಿಮೋತೊ ಗುಂಡು ಹೊಡೆದ ಜಿಂಕೆ ಸಾಯದೇ ಓಡುತ್ತೆ, ಇವರು ರಕ್ತದ ಗುರುತು ಹಿಡಿದು ಹಿಂದೆ ಹಿಂದೆ ಹೋಗ್ತಾರೆ, ಸಿಕ್ಕಾಗ ಅವನಿಗೆ ಟ್ರಿಗರ್ ಎಳೆಯಕ್ಕೆ ಆಗಲ್ಲ, ಆ ಜಿಂಕೆಯಲ್ಲಿ ಅವನಿಗೆ ತಾನೇ ಕಾಣ್ತಿರ್ತಾನೆ. ಅಶಿರ್ಪಾ ಬಾಣ ಬಿಟ್ಟು ಕೆಲ್ಸ ಮುಗಿಸಿ, ಹೊಟ್ಟೆ ಸೀಳಿ, ಮರಗಟ್ಟಿರೋ ಕೈಯನ್ನ ಅದರ ಒಳಗಿಡು ಅಂತಾಳೆ. ಜಿಂಕೆ ಮೈಯ ಬಿಸಿ ಈಗ ನಿನ್ನೊಳಗೆ ಬಂತು, ನಿನ್ನನ್ನ ಬದುಕಿಸುತ್ತೆ, ಉಳಿದಿದ್ದು ಪ್ರಾಣಿಗಳಿಗೆ, ಮರಕ್ಕೆ, ಹುಲ್ಲಿಗೆ, ಮಣ್ಣಿಗೆ ಹೋಗುತ್ತೆ, ಅದು ಕಷ್ಟಪಟ್ಟು ಬದುಕಿದ್ದು ಎಲ್ಲೂ ಕಳೆದುಹೋಗಲ್ಲ ಅನ್ನೋ ಅರ್ಥದಲ್ಲಿ ಮಾತಾಡ್ತಾಳೆ. ಇದನ್ನ ಅರ್ಥ ಮಾಡ್ಕೊಳ್ಳೋಕೆ ಐನು ಇತಿಹಾಸದಲ್ಲಿ ಡಿಗ್ರಿ ಬೇಕಾ? ಒಬ್ಬರನ್ನ ಕಳ್ಕೊಂಡಿರೋ ಯಾರಿಗಾದ್ರೂ ತಟ್ಟುತ್ತೆ.

ಆಮೇಲೆ ಒಣಗಿಸಿದ ಪರ್ಸಿಮನ್ ಹಣ್ಣಿನ ಮಾತು. ದಾಯ್ಸೆತ್ಸು ಬೆಟ್ಟದಲ್ಲಿ ಹಿಮಗಾಳಿಗೆ ಸಿಕ್ಕಿ, ಸತ್ತ ಜಿಂಕೆ ಹೊಟ್ಟೆಯೊಳಗೇ ತೂರ್ಕೊಂಡು ರಾತ್ರಿ ಕಳೀತಾರೆ. ಅಲ್ಲಿ ಸುಗಿಮೋತೊ ಯುದ್ಧದಿಂದ ಬಂದೋರ ಬಗ್ಗೆ ಹೇಳ್ತಾನೆ, ಮೈ ಊರಿಗೆ ಬಂದ್ರೂ ಮನಸ್ಸು ಅಲ್ಲೇ ಇರುತ್ತೆ, ಹಳೇ ಮನುಷ್ಯನಾಗಿ ವಾಪಸ್ ಬರೋಕಾಗಲ್ಲ ಅಂತ. ಅಶಿರ್ಪಾ ಸಮಾಧಾನ ಗಿಮಾಧಾನ ಏನೂ ಮಾಡಲ್ಲ, ನಿಂಗೆ ಚಿಕ್ಕೋನಿದ್ದಾಗ ಏನು ತಿನ್ನೋದಿಷ್ಟ ಅಂತ ಕೇಳ್ತಾಳೆ. ಒಣಗಿಸಿದ ಪರ್ಸಿಮನ್ ಅಂತಾನೆ. ಅದನ್ನ ತಿಂದ್ರೆ ನೀನು ಯುದ್ಧಕ್ಕೆ ಮುಂಚಿನ ಸುಗಿಮೋತೊ ಆಗ್ತೀಯಾ ಅಂತ ಕೇಳ್ತಾಳೆ, ಅಷ್ಟೇ.

ನಮ್ಮ ಸೋದರಮಾವ ಆರ್ಮೀಲಿ ಇದ್ರು, ಡ್ರೈವರ್ ಆಗಿ, ಮೇಲ್ಗಡೆ ಹಿಮದ ಕಡೆ ಲಾರಿ ಓಡಿಸ್ತಿದ್ರು. ರಿಟೈರ್ ಆಗಿ ಸಕಲೇಶಪುರದ ಹತ್ರ ತೋಟದ ಮನೇಲಿ ಇದಾರೆ. ಮಾತೇ ಆಡಲ್ಲ ಅಂತಲ್ಲ, ಮಳೆ ಎಷ್ಟಾಯ್ತು, ಕಾಫಿ ರೇಟ್ ಎಷ್ಟು ಅಂತೆಲ್ಲಾ ಮಾತಾಡ್ತಾರೆ, ಆದ್ರೆ ಅಲ್ಲಿನ ವಿಷ್ಯ ಬಂದ್ರೆ ಎದ್ದು ಹೋಗಿ ಕೊಟ್ಟಿಗೆ ಕಡೆ ನೋಡ್ಕೊಂಡು ಬರ್ತಾರೆ, ಅತ್ತೆ ನಮಗೆಲ್ಲಾ ಕಣ್ಸನ್ನೆ ಮಾಡ್ತಾರೆ ಕೇಳ್ಬೇಡಿ ಅಂತ. ಹೋದ ಮಳೆಗಾಲದಲ್ಲಿ ಕರೆಂಟ್ ಇಲ್ದೆ ಎಲ್ರೂ ಜಗಲೀಲಿ ಕೂತಿದ್ವಿ, ನಂಗೆ ಅಶಿರ್ಪಾ ನೆನಪಾಗಿ "ಮಾವ, ಚಿಕ್ಕೋರಿದ್ದಾಗ ನಿಮಗೆ ಏನು ತಿನ್ನೋದಿಷ್ಟ ಇತ್ತು?" ಅಂತ ಕೇಳ್ದೆ. "ಯಾಕ್ ಪುಟ್ಟಿ ಈಗ" ಅಂದ್ರು. ಸುಮ್ನಿದ್ದು, "ಕಳಲೆ" ಅಂದ್ರು. ಅಷ್ಟಕ್ಕೇ ಬಿಡ್ತಾರೇನೋ ಅಂದ್ಕೊಂಡ್ರೆ ಶುರು ಹಚ್ಕೊಂಡ್ರು ನೋಡಿ, ಅವರಮ್ಮ ಅಂದ್ರೆ ನಮ್ಮಜ್ಜಿ ಬಿದಿರ ಮೆಳೆಯಿಂದ ಕಳಲೆ ಮುರ್ಕೊಂಡು ಬಂದು, ಸಿಪ್ಪೆ ಸುಲಿದು, ಸಣ್ಣಗೆ ಹೆಚ್ಚಿ ಗಡಿಗೇಲಿ ನೀರು ಹಾಕಿ ನೆನೆಸಿಡೋರು, ದಿನಾ ಬೆಳಿಗ್ಗೆ ಆ ನೀರು ಚೆಲ್ಲಿ ಹೊಸ ನೀರು ಹಾಕೋ ಕೆಲ್ಸ ಮಾವಂದು, ಒಂದಿನ ಮರೆತು ಆಟಕ್ಕೆ ಹೋಗಿದ್ದಕ್ಕೆ ಬಾರುಕೋಲಲ್ಲಿ ಬಿತ್ತಂತೆ, ಕಹಿ ಹೋಗದೇ ಇಡೀ ಸಾರು ಹಾಳಾಯ್ತಂತೆ. ಅಲ್ಲಿಂದ ಮಾತು ಹೇಗೆ ತಿರುಗ್ತೋ ಗೊತ್ತಿಲ್ಲ, ಮೇಲ್ಗಡೆ ಪೋಸ್ಟಲ್ಲಿ ಡಬ್ಬದ ಊಟ ತಿಂದು ತಿಂದು ಬಾಯಿ ಸತ್ತು ಹೋದಾಗ ರಾತ್ರಿ ಮಲಗಿ ಮನಸ್ಸಲ್ಲೇ ಕಳಲೆ ನೀರು ಬದಲಾಯಿಸ್ತಿದ್ದೆ ಅಂದ್ರು. ಜೊತೇಲಿದ್ದ ಗಡ್ವಾಲಿ ಹುಡುಗನಿಗೂ ಹೇಳಿದ್ರಂತೆ, ಅವನು ಬಿದಿರು ತಿಂತೀರಾ ನೀವು ಅಂತ ನಕ್ಕಿದ್ದನಂತೆ. ಆ ಹುಡುಗ ಏನಾದ ಅಂತ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ. ಅತ್ತೆ ಒಳಗೆ ಎದ್ದು ಹೋದ್ರು. ಅಷ್ಟು ವರ್ಷದಲ್ಲಿ ಮಾವ ಅಲ್ಲಿನ ಬಗ್ಗೆ ನಮ್ಮ ಮುಂದೆ ಬಾಯಿ ಬಿಟ್ಟಿದ್ದು ಅದೇ ಮೊದಲು, ಬಿಡಿಸಿದ್ದು ಒಂದು ಅನಿಮೆ ಡೈಲಾಗು.

ಮಾವಂಗೆ ಗೋಲ್ಡನ್ ಕಾಮುಯ್ ಅಂದ್ರೇನು ಗೊತ್ತಾ? ಗೊತ್ತಿಲ್ಲ. ಸುಗಿಮೋತೊ ಹೋರಾಡಿದ 203 ಮೀಟರ್ ಗುಡ್ಡದ ಕದನ ಗೊತ್ತಾ? ಇಲ್ಲ. ಕೆಲ್ಸ ಆಯ್ತೋ ಇಲ್ವೋ?

ಇನ್ನು ನಿಷ್ಠೆ ವಿಷ್ಯ. ಎಲ್ರೂ ಸುಗಿಮೋತೊ-ಅಶಿರ್ಪಾ ಜೋಡಿ ಬಗ್ಗೆನೇ ಮಾತಾಡ್ತಾರೆ, ನಂಗೆ ತನಿಗಾಕಿ ಇಷ್ಟ. ಅಕಿತಾ ಕಡೆಯ ಬೇಟೆಗಾರರ ಮನೆ ಹುಡುಗ, ಸೈನ್ಯದಲ್ಲಿದ್ದೋನು, ಕಾಲಿಗೆ ಬಾಣ ಚುಚ್ಚಿಸ್ಕೊಂಡು ಅಶಿರ್ಪಾ ಅಜ್ಜಿ ಮನೇಲಿ ಬಂದು ಬೀಳ್ತಾನೆ. ಅಜ್ಜಿನ ಅವರಲ್ಲಿ ಹುಚಿ ಅಂತಾರೆ (ನಗ್ಬೇಡಿ). ಅವಳಿಗೆ ಇವನ ಭಾಷೆ ಬರಲ್ಲ, ಇವನಿಗೆ ಅವಳದ್ದು ಬರಲ್ಲ, ಅವಳು ಊಟ ಹಾಕ್ತಾಳೆ, ಇವನು ಸೌದೆ ಗಿವುದೆ ಅಂತ ಕೈಯಾಡಿಸ್ತಾನೆ. ಆಮೇಲೆ ಮೊಮ್ಮಗಳನ್ನ ಹುಡುಕಿ ಕರ್ಕೊಂಡು ಬರ್ತೀನಿ ಅಂತ ಹೊರಡೋನೂ ಅವನೇ, ಹಳೇ ಯೂನಿಫಾರಂ ಕಡೆ ಹೋಗೋದ್ ಬಿಟ್ಟು. ಅನ್ನ ಹಾಕಿದೋರ ಋಣ ಅಂತ ನಾವು ಹೇಳೋದು ಇದನ್ನೇ ಅಲ್ವಾ.

ಅಶಿರ್ಪಾ ತಾನು ಹೊಸ ಕಾಲದ ಐನು ಹೆಣ್ಣು ಅಂತ ಹೇಳ್ಕೊಳ್ಳೋ ಮಾತೂ ಹಾಗೇ. ಬಟ್ಟೆ ಹೊಲಿಯೋದು ಕಲೀದೆ, ಬಾಯಿ ಸುತ್ತ ಹಚ್ಚೆ ಹಾಕಿಸ್ಕೊಳ್ದೆ, ಬಿಲ್ಲು ಹಿಡ್ಕೊಂಡು ಕಾಡು ಸುತ್ತೋ ಹುಡುಗಿ, ಅಜ್ಜಿಗೆ ಇವಳ ಮದುವೆ ಚಿಂತೆ, ಎಷ್ಟು ಅಂದ್ರೆ ಮನೆಗೆ ಬಂದ ಸುಗಿಮೋತೊಗೇ ಇವಳನ್ನ ಮದುವೆ ಆಗು ಅಂತಾಳೆ, ಅಶಿರ್ಪಾ ಅದನ್ನ ಅವನಿಗೆ ಹೇಳೋವಾಗ ಏನೋ ಒಂದು ಹೇಳಿ ಮುಚ್ಚಿಹಾಕ್ತಾಳೆ. ಮದುವೆ ವಯಸ್ಸಿನ ಎಷ್ಟು ಹೆಣ್ಮಕ್ಕಳು ಈ ಸೀನ್ ನೋಡಿ ಸ್ಕ್ರೀನ್‌ಶಾಟ್ ತೆಗೆದಿರ್ತಾರೆ ಗೊತ್ತಾ ನಿಮಗೆ, ನಾನಂತೂ ಫ್ಯಾಮಿಲಿ ಗ್ರೂಪಿಗೇ ಹಾಕಿದೀನಿ.

ಮತ್ತೆ ಇದೇನು ಯಾರೋ ಗಾಳೀಲಿ ಬರೆದ ಕಥೆ ಅಲ್ಲ. ಚಿಬಾ ಯೂನಿವರ್ಸಿಟಿಯ ಭಾಷಾ ವಿದ್ವಾಂಸ ಹಿರೋಶಿ ನಾಕಾಗಾವಾ ಅವರು ಐನು ಭಾಷೆ ತಿದ್ದಿಕೊಟ್ಟಿದಾರೆ. 2018ರಲ್ಲಿ ಮಂಗಾಗಳಿಗೆ ಕೊಡೋ ತೆಜುಕಾ ಒಸಾಮು ಪ್ರಶಸ್ತಿ ಬಂತು. 2019ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಮಂಗಾ ಪ್ರದರ್ಶನ ಇಟ್ಟಾಗ ಪೋಸ್ಟರ್ ಮೇಲೆ ಇದ್ದಿದ್ದು ಅಶಿರ್ಪಾ. 2020ರಲ್ಲಿ ಶಿರಾಓಯ್ ಊರಲ್ಲಿ ಐನು ರಾಷ್ಟ್ರೀಯ ಮ್ಯೂಸಿಯಂ ಶುರುವಾಯ್ತು. ನಂಗೆ ಅಂಥದ್ದೊಂದು ಮ್ಯೂಸಿಯಂ ಇದೆ ಅಂತ ಗೊತ್ತಾಗಿದ್ದೇ ಒಂದು ಡೈಲಾಗ್ ಹಿಂದೆ ಹೋಗಿ. ಡೈಲಾಗ್ ಹಾಕ್ಬೇಡಿ ಅನ್ನೋರು ಎಷ್ಟು ಜನಕ್ಕೆ ಐನು ಅನ್ನೋ ಹೆಸರು ಮುಟ್ಟಿಸಿದಾರೆ, ಲೆಕ್ಕ ಕೊಡ್ಲಿ.

ಇನ್ನೂ ನೋಡಿಲ್ಲ ಅನ್ನೋರು ಮೊದಲನೇ ಎಪಿಸೋಡಿನ ಆ ಕಂಪ್ಯೂಟರ್ ಕರಡಿ ನೋಡಿ ಓಡಿ ಹೋಗ್ಬೇಡಿ, ಅದು ಕೆಟ್ಟದಾಗೇ ಇದೆ, ಎಲ್ರೂ ಬೈದಿದಾರೆ, ದಾಟ್ಕೊಂಡು ಮುಂದೆ ಹೋಗಿ.

ವಿರೋಧ: ಯಾರು, ಯಾರಿಗೆ, ಯಾವಾಗ ಹೇಳಿದ್ದು?

ಈ ಕಡೆ ಬರೆಯೋಕೆ ಯಾರೂ ಒಪ್ಲಿಲ್ಲ, ಅದಕ್ಕೆ ನಂಗೆ ಬಂತು. ನಂಗೂ ಸೀರೀಸ್ ಇಷ್ಟಾನೇ, ಡೈಲಾಗ್ ಹಾಕಿದ ತಕ್ಷಣ ಆಕಾಶ ಕಳಚಿ ಬೀಳುತ್ತೆ ಅಂತೇನೂ ನಾನು ನಂಬಲ್ಲ. ಆದ್ರೂ ಒಪ್ಕೊಂಡಿದೀನಿ, ಬರೀತೀನಿ. ಮೇಲ್ಗಡೆ ಬರಹ ನಂಗೆ ಮೊದಲೇ ಕಳಿಸಿದ್ರು, ಓದಿದೀನಿ, ಕಳಲೆ ವಿಷ್ಯ ಚೆನ್ನಾಗಿದೆ, ಅದರ ಮೇಲೆ ನಾನೇನೂ ಹೇಳಲ್ಲ.

ನನ್ನ ಮುಖ್ಯ ತಕರಾರು ಇಷ್ಟೇ. ಈ ಕಥೇಲಿ ಯಾವ ಮಾತೂ ಒಂಟಿಯಾಗಿ ಬರಲ್ಲ, ಅದರ ಬೆನ್ನಿಗೇ ಅದಕ್ಕೆ ಉತ್ತರಾನೂ ಬರುತ್ತೆ. ನಾವು ಮೊದಲರ್ಧ ಮಾತ್ರ ಕಟ್ ಮಾಡಿ ಹಾಕ್ತೀವಿ. "ನಾನು ಸಾವಿಲ್ಲದ ಸುಗಿಮೋತೊ" ಅಂತ ಅವನು ಕಿರುಚೋದು ಜಿಮ್ ವಿಡಿಯೊಗೆಲ್ಲಾ ಹಾಕಿರ್ತಾರೆ. ಅವನು ಯಾರು? ಕ್ಷಯದಲ್ಲಿ ಇಡೀ ಮನೆಯೋರನ್ನ ಕಳ್ಕೊಂಡು, ಮನೆಗೆ ತಾನೇ ಬೆಂಕಿ ಇಟ್ಟು ಊರು ಬಿಟ್ಟೋನು. ಯುದ್ಧದಲ್ಲಿ, ಪೋರ್ಟ್ ಆರ್ಥರ್ ಅನ್ನೋ ಕಡೆ ಗೆಳೆಯ ಸತ್ತ. ಆ ಗೆಳೆಯನ ಹೆಂಡ್ತಿ ಹತ್ರ ಹೋದ್ರೆ ಕಣ್ಣು ಮಂಜಾಗಿರೋ ಅವಳಿಗೆ ಇವನು ಯಾರು ಅಂತಾನೇ ಗೊತ್ತಾಗಲ್ಲ, ಅಷ್ಟು ಬದಲಾಗಿ ಹೋಗಿರ್ತಾನೆ. ಕರಡಿ ಮನುಷ್ಯನನ್ನ ಕೊಂದ್ರೆ ಅದು ಕೆಟ್ಟ ಕಾಮುಯ್ (ಐನು ಭಾಷೇಲಿ ದೇವರು) ಆಗಿ ನರಕಕ್ಕೆ ಹೋಗುತ್ತೆ ಅಂತ ಅಶಿರ್ಪಾ ಹೇಳಿದಾಗ, ಹಾಗಾದ್ರೆ ನಂಗೆ ಅಲ್ಲಿ ಸ್ಪೆಷಲ್ ಸೀಟೇ ಇರುತ್ತೆ ಅನ್ನೋ ಥರ ಮಾತಾಡೋನು. ಇವನ ಸಾವಿಲ್ಲದ ಮಾತು ಹೆಮ್ಮೆ ಅಲ್ಲ, ಶಿಕ್ಷೆ. ಅದನ್ನ ಡಂಬಲ್ ಎತ್ತೋ ವಿಡಿಯೊಗೆ ಹಾಕಿದ್ರೆ ಏನ್ ಹೇಳೋದು.

ಇನ್ನೊಂದು ಕಡೆ ಅವನು ಅಶಿರ್ಪಾಗೆ ಹೇಳ್ತಾನೆ, ಕೆಟ್ಟೋರಿಗೆ ನಮ್ಮಷ್ಟು ನೋವಾಗಲ್ಲ, ಅವರ ಮೇಲೆ ಅಯ್ಯೋ ಅನ್ನಬೇಡ ಅಂತ. ಕೇಳೋಕೆ ಪವರ್‌ಫುಲ್ ಆಗಿದೆ. ಆದ್ರೆ ಅಶಿರ್ಪಾ ಅಲ್ಲೇ ಅವನನ್ನ ಹಿಡೀತಾಳೆ, ಚಿಕ್ಕ ಹುಡುಗಿ ಅಂತ ಇಂಥದ್ದೆಲ್ಲಾ ಹೇಳಿ ನಂಬಿಸ್ಬೇಡ ಅನ್ನೋ ಹಾಗೆ. ಸ್ಟೇಟಸ್ಸಲ್ಲಿ ಅಶಿರ್ಪಾ ಇರಲ್ಲ.

ಈಗ ನಿಷ್ಠೆ. ಪರ ಬರೆದೋರು ತನಿಗಾಕಿನ ಹಿಡ್ಕೊಂಡಿದಾರೆ, ಸುಲಭದ ದಾರಿ. ಈ ಕಥೇಲಿ ನಿಷ್ಠೆ ಅಂದ್ರೆ ಮೊದಲು ನೆನಪಾಗಬೇಕಾಗಿದ್ದು ಅದೇ ಚಿನ್ನದ ಹಿಂದೆ ಬಿದ್ದಿರೋ ಸೈನ್ಯದ ಅಧಿಕಾರಿ ಲೆಫ್ಟಿನೆಂಟ್ ತ್ಸುರುಮಿ. ಅದೇ ಯುದ್ಧದ ಮುಕ್ಡೆನ್ ಕದನದಲ್ಲಿ ಶೆಲ್ ಚೂರು ಬಡಿದು ಹಣೆ ಒಡೆದು, ಅದರ ಮೇಲೆ ತಗಡು ಕೂರಿಸ್ಕೊಂಡಿರೋ ಮನುಷ್ಯ, ಮಾತು ಮಾತ್ರ ಬೆಣ್ಣೆ. ಕೊಯಿತೊ ಅನ್ನೋ ಹುಡುಗನನ್ನ ಚಿಕ್ಕ ವಯಸ್ಸಲ್ಲಿ ರಷ್ಯನ್ನರು ಅಪಹರಿಸಿದ ಹಾಗೆ ನಾಟಕ ಆಡಿಸಿ, ತಾನೇ ಹೋಗಿ ಬಿಡಿಸಿ, ಜೀವಮಾನದ ಭಕ್ತನ್ನ ಮಾಡ್ಕೊಳ್ತಾನೆ. ತನ್ನ ಕೈಕೆಳಗಿನ ಸೈನಿಕ ತ್ಸುಕಿಶಿಮಾಗೆ ಅವನು ಪ್ರೀತಿಸಿದ ಹುಡುಗಿ ವಿಷ್ಯದಲ್ಲಿ ಒಂದು ಸಲ ಒಂದು ಕಥೆ, ಇನ್ನೊಂದು ಸಲ ಇನ್ನೊಂದು ಕಥೆ ಹೇಳ್ತಾನೆ. ತ್ಸುಕಿಶಿಮಾ ಕೊನೆಗೆ ಎಲ್ಲಾ ಗೊತ್ತಿದ್ದೂ ಜೊತೇಲೇ ಇರ್ತಾನೆ, ಅದೇ ಭಯ ಆಗೋದು.

ಇದನ್ನ ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ ನಮ್ಮ ಹಳೇ ಆಫೀಸಲ್ಲಿ ಒಬ್ಬ ಟೀಮ್ ಲೀಡ್ ಇದ್ದ, ಅನಿಮೆ ಹುಚ್ಚು, ಒಳ್ಳೇ ಹುಡುಗನೇ. ಪ್ರತಿ ಸೋಮವಾರದ ಮೀಟಿಂಗಲ್ಲಿ ಮೊದಲ ಸ್ಲೈಡಿಗೆ ಒಂದು ಕೋಟ್ ಹಾಕೋನು. ಒಂದಿನ ದೊಡ್ಡದಾಗಿ ತ್ಸುರುಮಿ ಮುಖ, ಕೆಳಗೆ ನಾಯಕ ಆದೋನು ತನ್ನ ಜನರನ್ನ ಪ್ರೀತಿಸಬೇಕು, ಆಗ ಅವರು ಬೆಂಕಿಗೂ ಇಳೀತಾರೆ ಅನ್ನೋ ಥರದ್ದೇನೋ ಇಂಗ್ಲಿಷಲ್ಲಿ. ಅದನ್ನ ತ್ಸುರುಮಿ ನಿಜವಾಗ್ಲೂ ಹೇಳಿದ್ನಾ ಅಥವಾ ಯಾರೋ ಕೋಟ್ಸ್ ಪೇಜಿನೋರು ಕಟ್ಟಿದ್ರಾ ಅನ್ನೋದೂ ಡೌಟು. ಎಚ್‌ಆರ್ ಮೇಡಂಗೆ ತುಂಬಾ ಇಷ್ಟ ಆಗ್ಬಿಡ್ತು, ಯಾರ್ ಇವರು ಜಪಾನಿನ ದೊಡ್ಡ ಮಿಲಿಟರಿ ಲೀಡರ್ರಾ ಅಂತ ಕೇಳಿ, ಅದನ್ನ ಪ್ರಿಂಟ್ ಹಾಕಿಸಿ ಪ್ಯಾಂಟ್ರಿಲಿ ಕಾಫಿ ಮಷಿನ್ ಮೇಲ್ಗಡೆ ಅಂಟಿಸಿದ್ರು. ಸೀರೀಸ್ ನೋಡಿದೋರು ನಾವು ಮೂರ್ನಾಲ್ಕು ಜನ ದಿನಾ ಕಾಫಿ ತಗೊಳೋವಾಗ ಮುಖ ಮುಖ ನೋಡ್ಕೊಳ್ಳೋದು. ಆಮೇಲೆ ರಿಲೀಸ್ ಅಂತ ಶನಿವಾರ ಭಾನುವಾರ ಎಲ್ಲಾ ಕರೆಸ್ಕೊಂಡ್ರು, ಪಿಜ್ಜಾ ತರಿಸಿದ್ರು, ಕಾಂಪ್ ಆಫ್ ಕೊಡ್ತೀವಿ ಅಂದ್ರು, ಕೊಡ್ಲಿಲ್ಲ, ಅಪ್ರೈಸಲ್ ಟೈಮಲ್ಲಿ ನೀನು ಫ್ಯಾಮಿಲಿ ಥರ ಕಣೋ ಅಂದ್ರು. ಅವಾಗ ನಂಗೆ ಅನ್ನಿಸ್ತು, ಈ ಪೋಸ್ಟರ್ ಅಂಟಿಸಿದೋರಿಗೆ ಗೊತ್ತಿಲ್ಲದೇ ಸರಿಯಾದ ಜಾಗಕ್ಕೇ ಅಂಟಿಸಿದಾರೆ ಅಂತ. ಅಂದ್ರೆ ಆ ಒಂದು ಕೇಸಲ್ಲಿ ಕಾಂಟೆಕ್ಸ್ಟ್ ಕರೆಕ್ಟಾಗೇ ಇತ್ತು. ಇದು ನನ್ನ ವಾದಕ್ಕೆ ಸಹಾಯ ಮಾಡುತ್ತೋ ಇಲ್ವೋ ಗೊತ್ತಿಲ್ಲ, ಇರಲಿ.

ಐನು ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ನಿಜವಾದ ತೊಂದ್ರೆ ಇರೋದು ಅಲ್ಲಿ. ಜಿಂಕೆ, ಬೆಚ್ಚಗೆ, ಮಣ್ಣಿಗೆ ಹೋಗುತ್ತೆ, ಎಲ್ಲಾ ಸರಿ. ಓದಿದೋರಿಗೆ ಏನನ್ಸುತ್ತೆ? ಆಹಾ, ಕಾಡಿನ ಜನ, ಪ್ರಕೃತಿ ಜೊತೆ ಎಷ್ಟು ಚೆನ್ನಾಗಿ ಬದುಕ್ತಾರೆ ಅಂತ. ಹೇಗೆ ಬದುಕೋಕೆ ಬಿಟ್ರು ಅಂತ ಆ ಸಾಲಲ್ಲಿ ಇಲ್ಲ. ಜಪಾನ್ ಸರ್ಕಾರ ಆ ದ್ವೀಪಕ್ಕೆ ಹೊಕ್ಕೈಡೊ ಅಂತ ಹೆಸರಿಟ್ಟಿದ್ದು 1869ರಲ್ಲಿ. 1871ರಲ್ಲಿ ಐನು ಹೆಂಗಸರ ಹಚ್ಚೆ ನಿಲ್ಲಿಸಿದ್ರು, ಅಂದ್ರೆ ಅಶಿರ್ಪಾ ಹಚ್ಚೆ ಬೇಡ ಅನ್ನೋದು ಬರೀ ಅಜ್ಜಿ ಮೊಮ್ಮಗಳ ಜಗಳ ಅಲ್ಲ ಸ್ವಾಮಿ. 1876ರಲ್ಲಿ ವಿಷದ ಬಾಣದ ಬೇಟೆ ನಿಷೇಧ. ಸುಗಿಮೋತೊನ ಕಾಪಾಡಿದ ಆ ಬಾಣ ಇದೆಯಲ್ಲ, ಅದು ಕಾನೂನು ಪ್ರಕಾರ ಅಪರಾಧ. ಹೊಳೇಲಿ ಸಾಲ್ಮನ್ ಮೀನು ಹಿಡಿಯೋದನ್ನೂ ನಿಲ್ಲಿಸಿದ್ರು. 1899ರ ಕಾನೂನಿಂದ ಬೇಟೆ ಆಡ್ಕೊಂಡಿದ್ದೋರಿಗೆ ಜಮೀನು ಕೊಟ್ಟು ಉಳುಮೆ ಮಾಡಿ ಅಂದ್ರು, ಅದಕ್ಕೆ ಇಟ್ಟ ಹೆಸರು ರಕ್ಷಣಾ ಕಾಯ್ದೆ, ಅದು ರದ್ದಾಗಿದ್ದು 1997ರಲ್ಲಿ. 1903ರಲ್ಲಿ ಒಸಾಕಾದ ದೊಡ್ಡ ಎಕ್ಸಿಬಿಷನ್ ಹತ್ರ ಐನು ಜನರನ್ನೇ ಕೂರಿಸಿ ಟಿಕೆಟ್ ಇಟ್ಟು ತೋರಿಸಿದ್ರು. ಕಥೆ ನಡೆಯೋ ಕಾಲಕ್ಕೆ ಇದೆಲ್ಲಾ ಮೊನ್ನೆ ಮೊನ್ನೆ ಆಗಿದ್ದು.

ಅಶಿರ್ಪಾ ಜೊತೆ ಇರೋ ಬಿಳೀ ತೋಳ ರೆತಾರ್, ಅದರ ಫೋಟೊಗೆ ಒಂಟಿತನ ನಿಷ್ಠೆ ಅಂತೆಲ್ಲಾ ಬರೆದು ಹಾಕ್ತಾರೆ. ಅದು ಯಾಕೆ ಒಂಟಿ? ಕುದುರೆ ಸಾಕೋ ಫಾರ್ಮ್ ಮಾಡೋಕೆ ಅಮೆರಿಕದಿಂದ ಎಡ್ವಿನ್ ಡನ್ ಅನ್ನೋರನ್ನ ಕರೆಸಿದ್ರು, ತೋಳ ಕುದುರೆ ಹಿಡಿಯುತ್ತೆ ಅಂತ ಮಾಂಸಕ್ಕೆ ಸ್ಟ್ರಿಕ್ನಿನ್ ವಿಷ ಹಾಕಿ ಇಟ್ರು, ತೋಳದ ತಲೆಗೆ ಇನಾಮೂ ಇಟ್ರು. 19ನೇ ಶತಮಾನ ಮುಗಿಯೋ ಹೊತ್ತಿಗೆ ಹೊಕ್ಕೈಡೊ ತೋಳ ಹೋಯ್ತು. ಕಥೆಗೆ ಇದು ಗೊತ್ತು, ಕಥೆ ಹೇಳುತ್ತೆ ಕೂಡ. ಫೋಟೊ ಹೇಳಲ್ಲ.

ಇವತ್ತಿನ ವಿಷ್ಯಾನೇ ತಗೊಳ್ಳಿ. 2019ರ ಕಾನೂನಲ್ಲಿ ಐನು ಜನ ಮೂಲನಿವಾಸಿಗಳು ಅಂತ ಒಪ್ಕೊಂಡಾಯ್ತು. ಉರಾಹೊರೊ ಊರಿನ ಐನು ಗುಂಪು 2020ರಲ್ಲಿ ನಮ್ಮ ಹೊಳೇಲಿ ಸಾಲ್ಮನ್ ಹಿಡಿಯೋದು ನಮ್ಮ ಹಕ್ಕು ಅಂತ ಕೋರ್ಟಿಗೆ ಹೋದ್ರು, 2024ರಲ್ಲಿ ಸಪ್ಪೊರೊ ಕೋರ್ಟ್ ಆಗಲ್ಲ ಅಂತು. ಅನಿಮೆ ನೋಡಿ ಹಿನ್ನಾ ಹಿನ್ನಾ (ಊಟಕ್ಕೆ ಐನು ಭಾಷೇಲಿ ಥ್ಯಾಂಕ್ಸ್) ಅಂತ ಊಟದ ಫೋಟೊ ಹಾಕೋ ಲಕ್ಷಗಟ್ಟಲೆ ಜನದಲ್ಲಿ ಇದು ಎಷ್ಟು ಜನಕ್ಕೆ ಗೊತ್ತು? ಮಂಗಾದ ಕೊನೆ ಬಂದಾಗ, ಐನು ಮತ್ತು ಜಪಾನಿ ಜನ ಕೈ ಕೈ ಹಿಡ್ಕೊಂಡು ಎಲ್ಲಾ ಕಾಪಾಡ್ಕೊಂಡ್ರು ಅನ್ನೋ ಹಾಗೆ ಸಲೀಸಾಗಿ ಮುಗಿಸಿಬಿಟ್ರು ಅಂತ ಟೀಕೆ ಬಂದಿತ್ತು. ಇಡೀ 31 ಸಂಪುಟಕ್ಕೇ ಆ ಮಾತು ಬಂದಮೇಲೆ ಒಂದು ಸಾಲಿನ ಗತಿ ಏನು.

ಬಸ್ಸಲ್ಲಿ ವಚನ ಇದೆ ಅಂತ ಹೇಳಿದಾರೆ. ಕಾಯಕವೇ ಕೈಲಾಸ ಅಂತ ಬೋರ್ಡ್ ಇರೋ ಆಫೀಸಲ್ಲಿ ಸೀಟಲ್ಲಿ ಯಾರಿರ್ತಾರೆ ಅಂತ ಎಲ್ರಿಗೂ ಗೊತ್ತು, ಅದರ ಬಗ್ಗೆ ಜಾಸ್ತಿ ಮಾತು ಬೇಡ. ಐನು ಗಾದೆ ಬಗ್ಗೆ, ಯುಕರ್ ಬಗ್ಗೆ ಬರೆದಿದಾರೆ, ಅದು ಬೇರೆ ವಿಷ್ಯ, ಇಲ್ಲಿ ಚರ್ಚೆ ಅನಿಮೆ ಡೈಲಾಗ್ ಬಗ್ಗೆ. ಫ್ಯಾಮಿಲಿ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಗುಲಾಬಿ ಪಕ್ಕದಲ್ಲಿ ಅಶಿರ್ಪಾ ಕೂತ್ರೆ ಐನು ಸಂಸ್ಕೃತಿ ಉಳೀತು ಅಂತ ನಂಬೋರಿಗೆ ನಾನು ಇನ್ನೇನು ಹೇಳ್ಲಿ.

ಪೂರ್ತಿ ಬಿಡಿ ಅಂತ ನಾನು ಹೇಳಲ್ಲ, ಹೇಳಿದ್ರೂ ಯಾರೂ ಕೇಳಲ್ಲ. ಹಾಕೋದಾದ್ರೆ ಯಾರು ಯಾರಿಗೆ ಹೇಳಿದ್ದು, ಯಾವ ಸೀಸನ್ನು ಅಂತ ಕೆಳಗೆ ಬರೀರಿ. ಆಗಿಲ್ಲ ಅಂದ್ರೆ ಊಟದ ಸೀನ್ ಹಾಕಿ, ಮಿಸೊ ನೋಡಿ ಹೇಲು ಅನ್ನೋದಕ್ಕೆ ಯಾವ ಹಿಂದುಮುಂದೂ ಬೇಡ. ತ್ಸುರುಮಿ ಆದ್ರೆ ಮಾತ್ರ ಹಾಕಲೇಬೇಡಿ, ಅದೂ ಆಫೀಸ್ ಗ್ರೂಪಲ್ಲಿ.